ಫ್ರೀಕ್ವೆನ್ಸಿ ಏರಿದಷ್ಟೂ ಹೊಳೆಯೋ ರೇಡಿಯೋ ಮೂಲಗಳು: ಮನೆ ಡಿಶ್ಶಲ್ಲಿ ಅಳೆಯೋದು ಹೇಗೆ

ಶಿರಸಿ ಕಡೆಯವರು, ಕಾರವಾರ-ಅಂಕೋಲಾ ಕಡೆಯವರು, ಎಲ್ಲರೂ ಸುತ್ತಿ ಬಳಸಿ ಕೇಳೋದು ಒಂದೇ ಪ್ರಶ್ನೆ. "ರೇಡಿಯೋ ಮೂಲಗಳು, ಅಂದ್ರೆ ರೇಡಿಯೋ ಅಲೆ ಸೂಸೋ ಆಕಾಶಕಾಯಗಳು, ಫ್ರೀಕ್ವೆನ್ಸಿ ಜಾಸ್ತಿ ಆದ ಹಾಗೆ ಮಂಕಾಗ್ತವೆ ಅಂತ ಓದಿದ್ವಿ, ಕೆಲವು ಮಾತ್ರ ಉಲ್ಟಾ ಹೊಳಪು ಜಾಸ್ತಿ ಮಾಡ್ಕೊಳ್ತವಂತಲ್ಲ, ಅದನ್ನ ನಾವು ಮನೇಲೇ ನೋಡ್ಲಿಕ್ಕೆ ಆಗ್ತದಾ?" ಆಗ್ತದೆ ಮಾರಾಯ್ರೆ. ಅಂಥ ಎರಡು ಮೂಲಗಳು ದಿನಾ ನಿಮ್ಮ ತಲೆ ಮೇಲೇ ಹಾದು ಹೋಗ್ತವೆ, ಸೂರ್ಯ ಮತ್ತೆ ಚಂದ್ರ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಯ್ತು, ಅದಕ್ಕೆ ಎಲ್ಲಾ ಒಂದೇ ಕಡೆ ಹಾಕ್ತಿದ್ದೇನೆ.

ಮೊದ್ಲೇ ಒಂದು ಮಾತು. ಮೀಟರಿನ ಮುಳ್ಳು ಏರಿಸೋದು ಕಷ್ಟ ಅಲ್ಲ, ಆ ಏರಿಕೆ ಆಕಾಶದ್ದೋ ನಿಮ್ಮ ಡಿಶ್ಶಿನದ್ದೋ ಅಂತ ಬೇರ್ಪಡಿಸೋದು ಕಷ್ಟ. ಹೆಚ್ಚಿನವರು ಬೀಳೋದು ಅಲ್ಲೇ, ಹಾಗಾಗಿ ಕೆಳಗೆ ಅರ್ಧಕ್ಕರ್ಧ ಅದೇ ವಿಷಯ ಇದೆ.

ಯಾಕೆ ಏರುತ್ತೆ, ಸ್ವಲ್ಪ ತಿಳ್ಕೊಳ್ಳಿ

ಆಕಾಶದ ರೇಡಿಯೋ ಹೊಳಪನ್ನ ಅಳೆಯೋ ಮಾನ ಜಾನ್ಸ್ಕಿ. 1933ರಲ್ಲಿ ಆಕಾಶಗಂಗೆಯಿಂದ ರೇಡಿಯೋ ಅಲೆ ಬರ್ತಿದೆ ಅಂತ ಪ್ರಕಟಿಸಿದ ಕಾರ್ಲ್ ಜಾನ್ಸ್ಕಿ ಹೆಸರು ಅದು. ಒಂದು ಜಾನ್ಸ್ಕಿ ಅಂದ್ರೆ ಒಂದು ಚದರ ಮೀಟರಿಗೆ, ಒಂದು ಹರ್ಟ್ಸ್ ಅಗಲಕ್ಕೆ 10⁻²⁶ ವ್ಯಾಟ್. ಸಿಕ್ಕಾಪಟ್ಟೆ ಸಣ್ಣದು.

ಸ್ಫೋಟ ಆದ ನಕ್ಷತ್ರದ ಅವಶೇಷ, ದೂರದ ಗೆಲಾಕ್ಸಿಯ ಎರಡು ಕಡೆ ಉಬ್ಬಿದ ಮೋಡ, ಇವುಗಳಿಂದ ಬರೋದು ಸಿಂಕ್ರೊಟ್ರಾನ್ ವಿಕಿರಣ, ಅಂದ್ರೆ ಬೆಳಕಿನ ವೇಗದ ಹತ್ತಿರ ಓಡೋ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರಕ್ಕೆ ಸಿಕ್ಕಿ ಸುತ್ತೋವಾಗ ಚೆಲ್ಲೋ ಅಲೆ. ಇದು ಫ್ರೀಕ್ವೆನ್ಸಿ ಏರಿದ ಹಾಗೆ ಇಳೀತದೆ. ಆ ಇಳಿಜಾರನ್ನ ಒಂದು ಸಂಖ್ಯೆಯಲ್ಲಿ ಹೇಳ್ತಾರೆ, ಸ್ಪೆಕ್ಟ್ರಲ್ ಇಂಡೆಕ್ಸ್ ಅಂತ, ಚುಟುಕಾಗಿ ಆಲ್ಫಾ. ಹೊಳಪು ಅನ್ನೋದು ಫ್ರೀಕ್ವೆನ್ಸಿಯ ಎಷ್ಟನೇ ಘಾತದ ಹಾಗೆ ಬದಲಾಗ್ತದೆ ಅನ್ನೋದೇ ಆಲ್ಫಾ. ಸಿಂಕ್ರೊಟ್ರಾನಿಗೆ ಸಾಮಾನ್ಯವಾಗಿ −0.7, −0.8 ಆಸುಪಾಸು.

ಏರೋ ಪೈಕಿಯವು ಬೇರೆ ಬೇರೆ ಥರ ಇವೆ. ಬರೀ ಬಿಸಿಯಿಂದ ಹೊಳೆಯೋ ಗಟ್ಟಿ ವಸ್ತು, ಉದಾಹರಣೆಗೆ ಚಂದ್ರ, ಆಲ್ಫಾ +2. ಒಳಗಿಂದ ಹೊರಗೆ ಅಲೆ ದಾಟದಷ್ಟು ದಟ್ಟವಾದ ಬಿಸಿ ಅನಿಲದ ಮೋಡ, ಅದೂ +2, ಆದ್ರೆ ಒಂದು ಹಂತ ದಾಟಿದ ಮೇಲೆ ಮೋಡ ಪಾರದರ್ಶಕ ಆಗಿ ಏರಿಕೆ ನಿಂತು −0.1ಕ್ಕೆ ಬಂದು ಬಿಡ್ತದೆ. ದೊಡ್ಡ ಬಿಸಿ ನಕ್ಷತ್ರ ಸುತ್ತಲೂ ಉಗುಳೋ ಗಾಳಿಗೆ +0.6, ಇದನ್ನ 1975ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಇನ್ನು ಸಣ್ಣ ಜಾಗದಲ್ಲಿ ಕಿಕ್ಕಿರಿದ ಸಿಂಕ್ರೊಟ್ರಾನ್ ಮೂಲ ತನ್ನ ಅಲೆಯನ್ನ ತಾನೇ ನುಂಗಿಕೊಳ್ತದೆ, ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಜಾಸ್ತಿ ನುಂಗ್ತದೆ, ಹಾಗಾಗಿ ಅದೂ ಏರಿದ ಹಾಗೆ ಕಾಣ್ತದೆ, ಗರಿಷ್ಠ +2.5ರವರೆಗೆ.

ಮನೇಲಿ ನಾವು ಹಿಡಿಯೋದು ಮೊದಲನೇ ಥರದ್ದು. ಉಳಿದದ್ದಕ್ಕೆ ಕೊನೆಗೆ ಬರ್ತೇನೆ.

ಏನೇನು ಬೇಕು

ಎರಡು ಫ್ರೀಕ್ವೆನ್ಸಿ ಬೇಕು, ಆದಷ್ಟು ದೂರ ದೂರದ್ದು. ಒಂದಕ್ಕೆ ಮನೆ ಟಿವಿಯ ಹಳೇ ಡಿಟಿಎಚ್ ಡಿಶ್, 60 ಸೆಂ.ಮೀ.ದ್ದು, ಕೆಯು ಬ್ಯಾಂಡ್, ಅಂದ್ರೆ 11-12 ಗಿಗಾಹರ್ಟ್ಸ್ ಆಸುಪಾಸು. ಇನ್ನೊಂದಕ್ಕೆ ಕೇಬಲ್‌ನವರು ಮೊದ್ಲು ಇಟ್ಕೊಂಡಿದ್ದ ಎಂಟು ಅಡಿ ಜಾಲರಿ ಛತ್ರಿ, ಸಿ ಬ್ಯಾಂಡ್, 4 ಗಿಗಾಹರ್ಟ್ಸ್ ಆಸುಪಾಸು. ನಮ್ಮ ಕಡೆ ಹಳ್ಳಿಗಳಲ್ಲಿ ಇಂಥ ಛತ್ರಿ ಎಷ್ಟೋ ಕಡೆ ಬಳ್ಳಿ ಹಬ್ಬಿಸ್ಕೊಂಡು ನಿಂತಿವೆ, ಕೇಳಿದ್ರೆ ಗುಜರಿ ರೇಟಿಗೆ ಕೊಡ್ತಾರೆ. ಅದು ಸಿಗದಿದ್ರೂ ಒಂದೇ ಡಿಶ್ಶಲ್ಲಿ ಐದನೇ ಹಂತದವರೆಗೆ ಮಾಡಬಹುದು, ಆರನೇದಕ್ಕೆ ಮಾತ್ರ ಎರಡೂ ಬೇಕು.

ಡಿಶ್ಶಿನ ಮೂತಿಯಲ್ಲಿ ಕೂತಿರೋದು ಎಲ್‌ಎನ್‌ಬಿ. ಸಿಕ್ಕಿದ ಅಲೆಯನ್ನ ಹಿಗ್ಗಿಸಿ, ಕೇಬಲ್ಲಲ್ಲಿ ಹೋಗೋ ಅಷ್ಟು ಕೆಳಗಿನ ಫ್ರೀಕ್ವೆನ್ಸಿಗೆ ಇಳಿಸಿ ಕೊಡೋ ಡಬ್ಬಿ ಅದು. ನಮ್ಮಲ್ಲಿ ಸಿಗೋ ಕೆಯು ಎಲ್‌ಎನ್‌ಬಿಗಳಲ್ಲಿ ಸಾಮಾನ್ಯವಾಗಿ 10,600 ಮೆಗಾಹರ್ಟ್ಸ್ ಕಳೀತಾರೆ, ಅಂದ್ರೆ 11,700ರಲ್ಲಿ ಬಂದದ್ದು 1,100ಕ್ಕೆ ಇಳಿದು ಬರ್ತದೆ. ಸಿ ಬ್ಯಾಂಡಿಂದು ಉಲ್ಟಾ ಲೆಕ್ಕ, 5,150ರಿಂದ ಬಂದದ್ದನ್ನ ಕಳೀಬೇಕು, 4,000ದ್ದು 1,150ರಲ್ಲಿ ಸಿಗ್ತದೆ. ಎರಡೂ ಸಾಮಾನ್ಯ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ಲಿನ ಕೈಗೆ ಎಟಕ್ತದೆ, ಅದು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಸಿಕ್ಕಿಸೋ ಪುಟ್ಟ ರೇಡಿಯೋ ರಿಸೀವರು, ಸುಮಾರು 1,700ರವರೆಗೆ ಕೇಳ್ತದೆ.

ಇಷ್ಟರ ಜೊತೆಗೆ ಲ್ಯಾಪ್‌ಟಾಪ್, ಒಂದು ಸ್ಯಾಟಲೈಟ್ ಸ್ಪ್ಲಿಟರ್, ಹಳೇ ಸೆಟ್‌ಟಾಪ್ ಬಾಕ್ಸು, ಮಲ್ಟಿಮೀಟರು, ಸ್ಪ್ಯಾನರು, ಸ್ವಲ್ಪ ಕನ್ನಡಿ ಚೂರು. ಕನ್ನಡಿ ಯಾಕೆ ಅಂತ ಆಮೇಲೆ ಹೇಳ್ತೇನೆ.

ಹಂತ 1: ಜಾಗ ಹುಡುಕೋದು

ಇದೇ ನಮ್ಮ ಊರಲ್ಲಿ ದೊಡ್ಡ ತಲೆನೋವು. ಶಿರಸಿ-ಸಿದ್ದಾಪುರ ಕಡೆ ಮನೆ ಅಂದ್ರೆ ಸುತ್ತ ತೋಟ, ಮೇಲೆ ಬೆಟ್ಟ, ಆಕಾಶ ಕಾಣೋದು ಅಂಗಳದ ಅಳತೆಯಷ್ಟು. ಮರದ ಎಲೆ ರೇಡಿಯೋಕ್ಕೆ ತಂಪು ನೆರಳಲ್ಲ, 300 ಕೆಲ್ವಿನ್ ಬಿಸಿಯ ಗೋಡೆ. (ಕೆಲ್ವಿನ್ ಅಂದ್ರೆ ಸೆಲ್ಸಿಯಸ್‌ಗೆ 273 ಕೂಡಿಸಿದ ಲೆಕ್ಕ.) ಡಿಶ್ಶಿನ ದೃಷ್ಟಿಯ ಅಂಚಿಗೆ ಒಂದು ಅಡಿಕೆ ಹೆಡೆ ತೂಗಾಡಿದ್ರೂ ಗ್ರಾಫ್ ಗಾಳಿ ಬಂದಂಗೆ ಕುಣೀತದೆ, ನೀವು ಸೂರ್ಯ ಸಿಕ್ಕಿದ ಅಂದ್ಕೊಳ್ತೀರಿ.

ಒಳ್ಳೇ ವಿಷಯ ಏನಂದ್ರೆ ನಾವು ಇರೋದು ಸುಮಾರು 14.6-14.8 ಡಿಗ್ರಿ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆ-ಮೇ ಮೊದಲ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ಮೇಲೇ ಇರ್ತಾನೆ, ಆಗಸ್ಟಲ್ಲೂ ಒಂದ್ಸಲ ಬರ್ತಾನೆ ಆದ್ರೆ ಆಗ ಮಳೆ. ಹಾಗಾಗಿ ಮೇ ತಿಂಗಳಲ್ಲಿ ತೋಟದ ಮನೆಯವರಿಗೂ ಅಂಗಳ ಸಾಕು.

ಕರಾವಳಿಯವರಿಗೆ ಸಮುದ್ರದ ಕಡೆ ಆಕಾಶ ಖಾಲಿ, ಅದು ಚೆಂದ. ಆದ್ರೆ ಉಪ್ಪು ಗಾಳಿಗೆ ಕನೆಕ್ಟರು ಒಂದು ಸೀಸನ್ನಲ್ಲಿ ಹಸಿರಾಗ್ತದೆ, ಹಡಗಿನ ರಡಾರು ಗ್ರಾಫಲ್ಲಿ ಸಾಲು ಸಾಲು ಮುಳ್ಳಾಗಿ ಕಾಣ್ತದೆ. ಮತ್ತೆ ಕಾರವಾರದವರಿಗೆ ಕೈ ಮುಗಿದು ಹೇಳ್ತೇನೆ, ನೌಕಾನೆಲೆ ಕಡೆ, ಕೈಗಾ ಕಡೆ ಡಿಶ್ಶು ಲ್ಯಾಪ್‌ಟಾಪು ಹಿಡ್ಕೊಂಡು ಹೋಗ್ಬೇಡಿ, ಚಂದ್ರನ್ನ ನೋಡ್ತಿದ್ದೆ ಅಂದ್ರೆ ಯಾರೂ ನಂಬೂದಿಲ್ಲ. ಸ್ವಂತ ತಾರಸಿ ಒಳ್ಳೇದು.

ಹಂತ 2: ಕರೆಂಟು ಕೊಡೋದು, ಡಾಂಗಲ್ ಸುಡದ ಹಾಗೆ

ಎಲ್‌ಎನ್‌ಬಿಗೆ ಕೇಬಲ್ಲಲ್ಲೇ 13 ಅಥವಾ 18 ವೋಲ್ಟ್ ಮೇಲೆ ಹೋಗ್ಬೇಕು, ಸಿಗ್ನಲ್ ಅದೇ ಕೇಬಲ್ಲಲ್ಲಿ ಕೆಳಗೆ ಬರ್ತದೆ. ಕೆಲವು ಡಾಂಗಲ್ಲಲ್ಲಿ ಬಯಾಸ್-ಟೀ ಅಂತ ಕೇಬಲ್ಲಿಗೆ ಕರೆಂಟ್ ಕೊಡೋ ಸೌಲಭ್ಯ ಇದೆ, ಆದ್ರೆ ಅದು ಕೊಡೋದು ನಾಲ್ಕೂವರೆ ವೋಲ್ಟ್, ಎಲ್‌ಎನ್‌ಬಿ ಏಳೂದೇ ಇಲ್ಲ. ಹಾಗಂತ ಸೆಟ್‌ಟಾಪ್ ಬಾಕ್ಸಿನ ಲೈನಿಗೆ ನೇರ ಡಾಂಗಲ್ ಸಿಕ್ಕಿಸಿದ್ರೆ 18 ವೋಲ್ಟ್ ಡಾಂಗಲ್ ಒಳಗೆ ಹೋಗಿ ಕಥೆ ಮುಗೀತದೆ.

ಸುಲಭದ ದಾರಿ ಸ್ಪ್ಲಿಟರು. ಅದ್ರಲ್ಲಿ ಒಂದು ಬಾಯಿ ಮಾತ್ರ ಕರೆಂಟ್ ದಾಟಿಸ್ತದೆ, ಇನ್ನೊಂದು ತಡೀತದೆ, ಅಂಥದ್ದನ್ನೇ ಕೇಳಿ ತಗೊಳ್ಳಿ. ದಾಟಿಸೋ ಬಾಯಿಗೆ ಸೆಟ್‌ಟಾಪ್ ಬಾಕ್ಸು, ತಡೆಯೋ ಬಾಯಿಗೆ ಡಾಂಗಲ್ಲು. ಡಾಂಗಲ್ ಸಿಕ್ಕಿಸೋ ಮೊದ್ಲು ಬಾಕ್ಸ್ ಆನ್ ಮಾಡಿ ಆ ಬಾಯಲ್ಲಿ ಮಲ್ಟಿಮೀಟರ್ ಇಟ್ಟು ಸೊನ್ನೆ ಇದೆಯಾ ನೋಡಿ. ಸ್ಪ್ಲಿಟರ್ ಮೇಲೆ ಏನು ಅಚ್ಚಾಗಿದೆ ಅನ್ನೋದನ್ನ ನಂಬಬೇಡಿ. ನಾನು ನಂಬಿದ್ದೆ, ಒಂದು ಡಾಂಗಲ್ ಹೋಯ್ತು.

ಇನ್ನೊಂದು ಎಚ್ಚರಿಕೆ, ಅಳತೆ ನಡೆಯೋವಾಗ ಬಾಕ್ಸಲ್ಲಿ ಚಾನೆಲ್ ಬದಲಾಯಿಸಬೇಡಿ. ವೋಲ್ಟೇಜ್ 13ರಿಂದ 18ಕ್ಕೆ ಜಿಗಿದ್ರೆ ಎಲ್‌ಎನ್‌ಬಿ ನೆಟ್ಟಗಿನ ಅಲೆ ಬಿಟ್ಟು ಅಡ್ಡ ಅಲೆ ಹಿಡ್ಕೊಳ್ತದೆ, ಗ್ರಾಫಲ್ಲಿ ಮೆಟ್ಟಿಲು ಬೀಳ್ತದೆ.

ಹಂತ 3: ಸಾಫ್ಟ್‌ವೇರಲ್ಲಿ ಎರಡೇ ವಿಷಯ

ಯಾವ ಎಸ್‌ಡಿಆರ್ ಸಾಫ್ಟ್‌ವೇರ್ ಆದ್ರೂ ಅಡ್ಡಿಲ್ಲ, ಒಟ್ಟು ಪವರನ್ನ ಸಮಯದ ಜೊತೆ ಫೈಲಿಗೆ ಬರೆಯೋ ಹಾಗಿರಬೇಕು. ಒಂದು, ಆಟೋಮ್ಯಾಟಿಕ್ ಗೇನ್ ಬಂದ್ ಮಾಡಿ. ಇದು ಆನ್ ಇದ್ರೆ ಸೂರ್ಯ ಬಂದಾಗ ಡಾಂಗಲ್ಲೇ ಹಿಗ್ಗಿಸೋದನ್ನ ಕಮ್ಮಿ ಮಾಡಿ ಎಲ್ಲಾ ಸಮ ಮಾಡಿ ಹಾಕ್ತದೆ, ನೀವು ಒಂದು ತಾಸು ಕೂತು ನೆಟ್ಟಗಿನ ಗೆರೆ ನೋಡ್ತೀರಿ. ನನಗೆ ಬರೋ ಹತ್ತು ದೂರಲ್ಲಿ ನಾಲ್ಕು ಇದೇ. ಎರಡು, ಉಪಗ್ರಹದ ಚಾನೆಲ್ ಇಲ್ಲದ ಖಾಲಿ ಫ್ರೀಕ್ವೆನ್ಸಿ ಆರಿಸಿ. ಡಿಶ್ ಎಲ್ಲಿಗೋ ತಿರುಗಿದ್ರೂ ಉಪಗ್ರಹದ ಸದ್ದು ಪಕ್ಕದಿಂದ ನುಗ್ತದೆ. ಸಿ ಬ್ಯಾಂಡಲ್ಲಿ 3.3ರಿಂದ 3.67 ಗಿಗಾಹರ್ಟ್ಸ್ ಪೂರ್ತಿ ಬಿಟ್ಟುಬಿಡಿ, ಅದು ಈಗ ಮೊಬೈಲಿನ 5ಜಿಗೆ ಹೋಗಿದೆ, 3.9ಕ್ಕಿಂತ ಮೇಲೆ ಹುಡುಕಿ.

ಆನ್ ಮಾಡಿ ಕಮ್ಮಿ ಅಂದ್ರೆ ಅರ್ಧ ಗಂಟೆ ಹಾಗೇ ಬಿಡಿ, ಡಾಂಗಲ್ ಬಿಸಿ ಆಗಿ ಸ್ಥಿಮಿತಕ್ಕೆ ಬರ್ಲಿ.

ಹಂತ 4: ನೆಲ ಮತ್ತೆ ಆಕಾಶ, ಇದನ್ನ ಬಿಟ್ರೆ ಎಲ್ಲಾ ವ್ಯರ್ಥ

ಡಾಂಗಲ್ ತೋರಿಸೋ ಡೆಸಿಬೆಲ್ ಸಂಖ್ಯೆಗೆ ಅದರಷ್ಟಕ್ಕೆ ಅರ್ಥ ಇಲ್ಲ. ಅದನ್ನ ಕೆಲ್ವಿನ್‌ಗೆ ತರ್ಲಿಕ್ಕೆ ಗೊತ್ತಿರೋ ಎರಡು ಬಿಸಿ ಬೇಕು. ಒಂದು ನೆಲ ಅಥವಾ ದಟ್ಟ ಮರ, 300 ಕೆಲ್ವಿನ್. ಇನ್ನೊಂದು ಮೋಡ ಇಲ್ಲದ ಎತ್ತರದ ಆಕಾಶ, ಕೆಯು ಬ್ಯಾಂಡಲ್ಲಿ ಸುಮಾರು 10 ಕೆಲ್ವಿನ್ ಅಂತ ಇಟ್ಕೊಳ್ಳಿ. ಇಲ್ಲಿ ತೋಟ ಉಪಯೋಗಕ್ಕೆ ಬರ್ತದೆ ನೋಡಿ, ಒತ್ತಾಗಿ ಬೆಳೆದ ಹಸಿರಿಗಿಂತ ಒಳ್ಳೇ ಬಿಸಿ ಗೋಡೆ ಸಿಗೂದಿಲ್ಲ. ತಗಡಿನ ಮಾಡು ಬೇಡ, ತಗಡು ಆಕಾಶವನ್ನೇ ಕನ್ನಡಿ ಹಾಗೆ ತೋರಿಸ್ತದೆ.

ಡಿಶ್ಶನ್ನ ಮರಕ್ಕೆ ತಿರುಗಿಸಿ ಒಂದು ನಿಮಿಷ ಬರ್ಕೊಳ್ಳಿ, ಆಕಾಶಕ್ಕೆ ತಿರುಗಿಸಿ ಒಂದು ನಿಮಿಷ. ಎರಡರ ವ್ಯತ್ಯಾಸ 5 ಡೆಸಿಬೆಲ್ ಬಂತು ಅಂತ ಇಟ್ಕೊಳ್ಳಿ. 5 ಡೆಸಿಬೆಲ್ ಅಂದ್ರೆ 3.16 ಪಟ್ಟು. ಲೆಕ್ಕ ಹೀಗೆ: 300ರಿಂದ 3.16×10 ಕಳೆದು, 2.16ರಿಂದ ಭಾಗಿಸಿ. ಸುಮಾರು 124 ಕೆಲ್ವಿನ್, ಇದು ನಿಮ್ಮ ಯಂತ್ರದ ಸ್ವಂತ ಗಲಾಟೆ, ಅಂದ್ರೆ ನಾಯ್ಸ್. ಆಕಾಶದ 10 ಸೇರಿಸಿದ್ರೆ ಒಟ್ಟು 134. ಇದಕ್ಕೆ ಸಿಸ್ಟಮ್ ಟೆಂಪರೇಚರ್ ಅಂತಾರೆ.

ಎಲ್‌ಎನ್‌ಬಿ ಡಬ್ಬದ ಮೇಲೆ 0.1 ಡೆಸಿಬೆಲ್ ಅಂತ ಅಚ್ಚಾಗಿರ್ತದೆ, ಅದರ ಪ್ರಕಾರ ಇದು ಹತ್ತು ಕೆಲ್ವಿನ್ನೂ ಆಗಬಾರದು. ಡಬ್ಬದ ಮಾತು ಡಬ್ಬಕ್ಕೆ, ನೀವು ಅಳೆದದ್ದೇ ಸತ್ಯ.

ಎಂಟು ಅಡಿ ಛತ್ರಿಯನ್ನ ನೆಲಕ್ಕೆ ತಿರುಗಿಸ್ಲಿಕ್ಕೆ ಹೋಗಿ ಸೊಂಟ ಮುರ್ಕೊಳ್ಬೇಡಿ. ಅದರ ಫೀಡನ್ನ, ಅಂದ್ರೆ ಎಲ್‌ಎನ್‌ಬಿ ಕೂತಿರೋ ಮೂತಿಯನ್ನ, ಬಿಚ್ಚಿ ಕೈಯಲ್ಲಿ ಹಿಡಿದು ನೆಲಕ್ಕೆ ತೋರಿಸಿ ಬರ್ಕೊಳ್ಳಿ, ಮತ್ತೆ ಛತ್ರಿಗೆ ಕೂರಿಸಿ ಆಕಾಶದ್ದು ಬರ್ಕೊಳ್ಳಿ. ಏಣಿ ಹಿಡೀಲಿಕ್ಕೆ ಒಬ್ಬರು ಇರ್ಲಿ.

ಈ ನೆಲ-ಆಕಾಶದ ಅಳತೆ ಒಂದ್ಸಲ ಮಾಡಿ ಮುಗೀತು ಅಂತಲ್ಲ. ಎಲ್‌ಎನ್‌ಬಿ ಬಿಸಿಲಿಗೆ ಕಾದ ಹಾಗೆ ಅದರ ಹಿಗ್ಗಿಸೋ ಶಕ್ತಿ ಜಾರ್ತದೆ, ಬೆಳಿಗ್ಗೆ ಎಂಟಕ್ಕೆ ಬಂದ ಸಂಖ್ಯೆ ಮಧ್ಯಾಹ್ನ ಹನ್ನೆರಡಕ್ಕೆ ನಡೆಯೂದಿಲ್ಲ. ಪ್ರತೀ ಅಳತೆಯ ಮೊದಲೂ ಆಮೇಲೂ ಮಾಡಿ. ಎಲ್‌ಎನ್‌ಬಿಗೆ ಒಂದು ಥರ್ಮಾಕೋಲ್ ಟೋಪಿ ಹಾಕಿದ್ರೆ ಜಾರೋದು ಸುಮಾರು ಕಮ್ಮಿ ಆಗ್ತದೆ, ಮೂತಿ ಮುಚ್ಚದ ಹಾಗೆ ನೋಡ್ಕೊಳ್ಳಿ.

ಹಂತ 5: ಸೂರ್ಯ, ಆಮೇಲೆ ಚಂದ್ರ

ಡಿಟಿಎಚ್ ಡಿಶ್ ಆಫ್‌ಸೆಟ್ ಡಿಶ್, ಅದು ಮುಖ ಮಾಡಿದ ಕಡೆ ನೋಡೂದಿಲ್ಲ, ಇಪ್ಪತ್ತು ಚಿಲ್ಲರೆ ಡಿಗ್ರಿ ಮೇಲೆ ನೋಡ್ತದೆ. ಇದು ಗೊತ್ತಿಲ್ದೆ ಸೂರ್ಯನಿಗೆ ನೇರ ಮುಖ ಮಾಡಿಸಿ "ಏನೂ ಬರೂದಿಲ್ಲ" ಅಂತ ಬರೆಯೋರು ಬಹಳ. ಮೊಬೈಲಿನ ದಿಕ್ಸೂಚಿಯನ್ನ ಕಬ್ಬಿಣದ ಡಿಶ್ಶಿಗೆ ತಾಗಿಸಿ ನೋಡಿದ್ರೆ ಅದೂ ಸುಳ್ಳು ಹೇಳ್ತದೆ.

ಇಲ್ಲಿ ಕನ್ನಡಿ ಚೂರು. ಕಾಲಿನ ಉಗುರಿನಷ್ಟು ದೊಡ್ಡದು ನಾಲ್ಕೈದು, ಡಿಶ್ಶಿನ ಒಳಮೈಗೆ ಅಲ್ಲಲ್ಲಿ ಅಂಟಿಸಿ, ಮೇಲೆ ಕೆಳಗೆ ಎಡ ಬಲ. ಡಿಶ್ ಸೂರ್ಯನಿಗೆ ಸರಿಯಾಗಿ ತಿರುಗಿದಾಗ ಎಲ್ಲಾ ಚೂರಿನ ಬೆಳಕಿನ ಚುಕ್ಕಿಗಳೂ ಎಲ್‌ಎನ್‌ಬಿ ಮೂತಿ ಮೇಲೆ ಬಂದು ಸೇರ್ತವೆ. ಬೆಳಕೂ ರೇಡಿಯೋ ಅಲೆಯೂ ಆ ಬಾಗಿದ ಮೈಗೆ ಬಡಿದು ಹೋಗೋ ದಾರಿ ಒಂದೇ ಅಲ್ವಾ. ಇಡೀ ಡಿಶ್ಶಿಗೆ ಬೆಳ್ಳಿ ಕಾಗದ ಅಂಟಿಸ್ಲಿಕ್ಕೆ ಹೋಗ್ಬೇಡಿ, ಎಲ್‌ಎನ್‌ಬಿಯ ಪ್ಲಾಸ್ಟಿಕ್ ಮೂತಿ ಕರಗ್ತದೆ. ಕಣ್ಣನ್ನ ಆ ಚುಕ್ಕಿಯ ದಾರಿಗೆ ಒಡ್ಡಬೇಡಿ, ಮಕ್ಕಳು ಹತ್ತಿರ ಇದ್ರೆ ಇನ್ನೂ ಹುಷಾರು. ಒಂದ್ಸಲ ಸರಿ ಸಿಕ್ಕಿದ ಮೇಲೆ ಎಲ್‌ಎನ್‌ಬಿ ಕೋಲಿನ ನೆರಳು ಎಲ್ಲಿ ಬಿತ್ತು ಅಂತ ಮಾರ್ಕರಲ್ಲಿ ಗೆರೆ ಹಾಕಿಡಿ, ಮುಂದಿನ ಸಲ ಅದೇ ಸಾಕು.

ಈಗ ಡಿಶ್ಶನ್ನ ಸೂರ್ಯನ ಹಿಂದೆ ಓಡಿಸಬೇಡಿ. ಸೂರ್ಯ ಹೋಗ್ತಾ ಇರೋ ದಾರಿಯಲ್ಲಿ ಸ್ವಲ್ಪ ಮುಂದೆ, ಐದಾರು ಡಿಗ್ರಿ ಪಶ್ಚಿಮಕ್ಕೆ, ಡಿಶ್ಶನ್ನ ತಿರುಗಿಸಿ ಬೋಲ್ಟ್ ಬಿಗಿದು ಕೈ ಬಿಟ್ಟು ಕೂರಿ. ಭೂಮಿ ತಿರುಗಿ ಸೂರ್ಯನನ್ನ ತಂದು ದಾಟಿಸ್ತದೆ. ಇದೇ ಡ್ರಿಫ್ಟ್ ಸ್ಕ್ಯಾನ್. ಆಕಾಶ ಸರಿಯೋದು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ, 60 ಸೆಂ.ಮೀ. ಡಿಶ್ಶಿನ ದೃಷ್ಟಿಯ ಅಗಲ ಈ ಫ್ರೀಕ್ವೆನ್ಸಿಗೆ ಸುಮಾರು 3 ಡಿಗ್ರಿ, ಹಾಗಾಗಿ ಗುಡ್ಡದ ಹಾಗಿನ ಒಂದು ಗ್ರಾಫ್ ಬರ್ಲಿಕ್ಕೆ ಮುಕ್ಕಾಲು ತಾಸು. ದೃಷ್ಟಿಯ ಅಗಲಕ್ಕೆ ಲೆಕ್ಕ ಬೇಕಾದ್ರೆ ತರಂಗದ ಉದ್ದವನ್ನ ಡಿಶ್ಶಿನ ಅಗಲದಿಂದ ಭಾಗಿಸಿ 70ರಿಂದ ಗುಣಿಸಿ, ಡಿಗ್ರಿಯಲ್ಲಿ ಬರ್ತದೆ. ಗುಡ್ಡ ಎರಡೂ ಕಡೆ ಒಂದೇ ಥರ ಇಳಿದಿರಬೇಕು, ಒಂದು ಕಡೆ ವಾಲಿದ್ರೆ ಎಲ್‌ಎನ್‌ಬಿ ಕಾದು ಜಾರಿದೆ ಅಂತ ಅರ್ಥ.

ಗುಡ್ಡದ ತುದಿ ಬರೀ ಆಕಾಶಕ್ಕಿಂತ ಮೂರೂವರೆ ಡೆಸಿಬೆಲ್ ಮೇಲೆ ಬಂತು ಅಂದ್ಕೊಳ್ಳಿ, ಅಂದ್ರೆ 2.24 ಪಟ್ಟು. 134ನ್ನ 1.24ರಿಂದ ಗುಣಿಸಿದ್ರೆ 166 ಕೆಲ್ವಿನ್, ಸೂರ್ಯ ನಿಮ್ಮ ಡಿಶ್ಶಿಗೆ ಸೇರಿಸಿದ್ದು ಅಷ್ಟು. ಸೂರ್ಯನ ಮೈ ಸಾವಿರಾರು ಕೆಲ್ವಿನ್ ಇದೆಯಲ್ಲ ಬರೀ 166 ಯಾಕೆ ಅಂತ ಕೇಳ್ತಾರೆ. ಅರ್ಧ ಡಿಗ್ರಿಯ ಸೂರ್ಯ ಮೂರು ಡಿಗ್ರಿಯ ಕಿಂಡಿಯಲ್ಲಿ ಕೂತಿದ್ದಾನೆ, ಉಳಿದ ಜಾಗ ತಣ್ಣನೆ ಆಕಾಶ, ಸರಾಸರಿ ಇಳೀತದೆ ಅಷ್ಟೇ.

ಚಂದ್ರ ಇದಕ್ಕಿಂತ ಬಹಳ ಕಷ್ಟ. ಅದೇ ಡಿಶ್ಶಲ್ಲಿ ಚಂದ್ರ ಸೇರಿಸೋದು ಮೂರು ಮೂರೂವರೆ ಕೆಲ್ವಿನ್, 134ರ ಮೇಲೆ. ಸಿದ್ಧಾಂತದ ಪ್ರಕಾರ ಇದೇನು ಸಣ್ಣದಲ್ಲ, 2 ಮೆಗಾಹರ್ಟ್ಸ್ ಅಗಲದಲ್ಲಿ ಒಂದು ಸೆಕೆಂಡ್ ಸರಾಸರಿ ತಗೊಂಡ್ರೆ ಗಲಾಟೆಯ ಏರಿಳಿತ 0.1 ಕೆಲ್ವಿನ್ನಿಗಿಂತ ಕಮ್ಮಿ. ಆದ್ರೆ ಮುಕ್ಕಾಲು ತಾಸಲ್ಲಿ ಎಲ್‌ಎನ್‌ಬಿ ಜಾರೋದು ಅದಕ್ಕಿಂತ ಎಷ್ಟೋ ಜಾಸ್ತಿ ಇರ್ತದೆ, ಹಾಗಾಗಿ ರಾತ್ರಿ ಹತ್ತರ ಮೇಲೆ ಹವೆ ಸ್ಥಿರ ಆದಾಗ ಮಾಡಿ, ಮೂರ್ನಾಲ್ಕು ರಾತ್ರಿಯದ್ದು ಒಂದರ ಮೇಲೊಂದು ಕೂಡಿಸಿ. 90 ಸೆಂ.ಮೀ. ಡಿಶ್ ಸಿಕ್ಕಿದ್ರೆ ಏಳೆಂಟು ಕೆಲ್ವಿನ್ ಆಗ್ತದೆ, ಜೀವ ಉಳೀತದೆ.

ಹುಣ್ಣಿಮೆಯೇ ಆಗಬೇಕಾ ಅಂತ ಕೇಳ್ತೀರಿ. ಬೇಡ. ಕಣ್ಣಿಗೆ ಕಾಣೋದು ಸೂರ್ಯನ ಬೆಳಕಿನ ಪ್ರತಿಫಲನ, ರೇಡಿಯೋದಲ್ಲಿ ನಾವು ಹಿಡಿಯೋದು ಚಂದ್ರನ ಮೈಯ ಸ್ವಂತ ಬಿಸಿ, 200 ಚಿಲ್ಲರೆ ಕೆಲ್ವಿನ್. ಚೌತಿ ಚಂದ್ರನ ಕತ್ತಲೆ ಭಾಗವೂ ರೇಡಿಯೋಗೆ ಹೊಳೀತಾನೇ ಇರ್ತದೆ. ಅಮಾವಾಸ್ಯೆ ಹತ್ತಿರ ಮಾತ್ರ ಬೇಡ, ಸೂರ್ಯ ಪಕ್ಕದಲ್ಲೇ ಇರ್ತಾನೆ.

ದೊಡ್ಡ ಗುಂಡಿ ಇನ್ನೊಂದಿದೆ, ಉಪಗ್ರಹಗಳ ಸಾಲು. ನಮ್ಮ ಊರಿಂದ ನೋಡಿದ್ರೆ ಟಿವಿ ಉಪಗ್ರಹಗಳೆಲ್ಲಾ ಆಕಾಶದ ಸಮಭಾಜಕದಿಂದ ಎರಡೂವರೆ ಡಿಗ್ರಿ ದಕ್ಷಿಣಕ್ಕೆ ಒಂದು ಹಾರದ ಹಾಗೆ ಕೂತಿವೆ. ಸೂರ್ಯ ಆ ಹಾರದ ಹಿಂದೆ ಬರೋದು ಮಾರ್ಚ್ ಮಧ್ಯದ ಸುಮಾರಿಗೆ, ಮತ್ತೆ ಸೆಪ್ಟೆಂಬರ್ ಕೊನೆ-ಅಕ್ಟೋಬರ್ ಮೊದಲಿಗೆ. ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ಟಿವಿ ಕೆಲವು ನಿಮಿಷ ಚಿತ್ರ ಒಡೀತದಲ್ಲ, ಅದು ಸೂರ್ಯನ ರೇಡಿಯೋ ಸದ್ದು ಉಪಗ್ರಹವನ್ನ ಮುಳುಗಿಸಿದ್ದು, ಮನೆಯವರೆಲ್ಲಾ ರಿಮೋಟಿಗೆ ಬೈತಾ ಇರೋವಾಗ ನಿಮ್ಮ ಡಿಶ್ಶು ಪುಕ್ಕಟೆ ಖಗೋಳ ವೀಕ್ಷಣೆ ಮಾಡ್ತಾ ಇರ್ತದೆ. ಆದ್ರೆ ಅಳತೆಗೆ ಆ ದಿನ ಬೇಡ, ಡಿಸೆಂಬರ್-ಜನವರಿ ಅಥವಾ ಏಪ್ರಿಲ್-ಮೇ ಒಳ್ಳೇದು. ಚಂದ್ರನಿಗೂ ಅದೇ, ತಿಂಗಳಲ್ಲಿ ಎರಡು ಸಲ ಆ ಹಾರ ದಾಟ್ತಾನೆ, ಆಕಾಶದ ನಕ್ಷೆ ತೋರಿಸೋ ಸ್ಟೆಲೇರಿಯಮ್ ಆ್ಯಪಲ್ಲಿ ನೋಡಿ ಆ ದಿನ ಬಿಡಿ.

ಹಂತ 6: ಎರಡು ಫ್ರೀಕ್ವೆನ್ಸಿ ಹೋಲಿಸೋದು

ಇಲ್ಲಿಗೇ ಬರ್ಲಿಕ್ಕೆ ಇಷ್ಟು ದೂರ ನಡೆದದ್ದು. ಚಂದ್ರ ಕೆಯು ಡಿಶ್ಶಲ್ಲಿ 3.4 ಕೆಲ್ವಿನ್, ಎಂಟು ಅಡಿ ಸಿ ಬ್ಯಾಂಡ್ ಛತ್ರಿಯಲ್ಲಿ 6.6 ಕೆಲ್ವಿನ್ ಸಿಕ್ಕಿತು ಅಂದ್ಕೊಳ್ಳಿ, ಇವು ಲೆಕ್ಕದ ಪ್ರಕಾರ ಬರಬೇಕಾದ ಸಂಖ್ಯೆಗಳು. ನೋಡಿದ ತಕ್ಷಣ ಏನನ್ಸುತ್ತೆ? 4 ಗಿಗಾಹರ್ಟ್ಸಲ್ಲೇ ಜಾಸ್ತಿ, ಚಂದ್ರ ಏರೂದಿಲ್ಲ ಇಳೀತಾನೆ! ಹೀಗೇ ಬರೆದು ಕಳಿಸಿದವರು ಇದ್ದಾರೆ.

ಆದ್ರೆ ಎಂಟು ಅಡಿ ಛತ್ರಿಯ ಬಾಯಿ ದೊಡ್ಡದು, ಜಾಸ್ತಿ ಹಿಡೀತದೆ. ಬಾಯಿಯ ವಿಸ್ತೀರ್ಣದಿಂದ ಭಾಗಿಸಬೇಕು. ಪೂರ್ತಿ ವಿಸ್ತೀರ್ಣ ಅಲ್ಲ, ಡಿಶ್ಶು ಉಪಯೋಗಕ್ಕೆ ತರೋದು ಸುಮಾರು ಶೇ. 60. 60 ಸೆಂ.ಮೀ. ಡಿಶ್ಶಿಗೆ 0.17 ಚದರ ಮೀಟರ್, ಎಂಟು ಅಡಿಯದ್ದಕ್ಕೆ 2.8. ಈಗ ಭಾಗಿಸಿ: 3.4ನ್ನ 0.17ರಿಂದ ಅಂದ್ರೆ 20. 6.6ನ್ನ 2.8ರಿಂದ ಅಂದ್ರೆ 2.36. ಎಂಟೂವರೆ ಪಟ್ಟು ವ್ಯತ್ಯಾಸ, ಅದೂ ಮೇಲಿನ ಫ್ರೀಕ್ವೆನ್ಸಿ ಕಡೆಗೆ.

ಆಲ್ಫಾಗೆ ಎಂಟೂವರೆಯ ಲಾಗರಿದಮ್ಮನ್ನ ಫ್ರೀಕ್ವೆನ್ಸಿಗಳ ಅನುಪಾತದ, ಅಂದ್ರೆ 11.7 ಭಾಗಿಸು 4, ಅಂದ್ರೆ 2.925ರ ಲಾಗರಿದಮ್ಮಿನಿಂದ ಭಾಗಿಸಿ. 0.929 ಭಾಗಿಸು 0.466, ಹತ್ತಿರ ಹತ್ತಿರ 2. ಜಾನ್ಸ್ಕಿಗೆ ತರಬೇಕಾದ್ರೆ ಆ 20ನ್ನ, 2.36ನ್ನ ತಲಾ 2,760ರಿಂದ ಗುಣಿಸಿ. 55,000 ಚಿಲ್ಲರೆ ಮತ್ತೆ ಆರೂವರೆ ಸಾವಿರ ಬರ್ತದೆ.

ನಿಮಗೆ 2 ಸಿಗದೆ 1.6 ಅಥವಾ 2.3 ಸಿಕ್ಕಿದ್ರೆ ಬೇಜಾರು ಬೇಡ, ಶೇ. 60 ಅನ್ನೋದು ಅಂದಾಜು. ತುಕ್ಕು ಹಿಡಿದು ಬಾಗಿದ ಜಾಲರಿ ಛತ್ರಿಗೆ ಶೇ. 45 ಕೂಡ ಇರಬಹುದು. ಆದ್ರೆ 2 ಬರ್ಲಿ ಅಂತ ಈ ಶೇಕಡಾವನ್ನ ಹಿಂದೆ ಮುಂದೆ ತಿರುಗಿಸಿ ಹೊಂದಿಸೋದಕ್ಕೆ ಮಾತ್ರ ಹೋಗ್ಬೇಡಿ, ಆಮೇಲೆ ನೀವು ಅಳೆದದ್ದು ಚಂದ್ರನನ್ನಲ್ಲ, ನಿಮ್ಮ ಆಸೆಯನ್ನ.

ಸೂರ್ಯನಿಗೆ ಇದೇ ಲೆಕ್ಕ ಹಾಕಿದ್ರೆ ಆಲ್ಫಾ 2ಕ್ಕಿಂತ ಕಮ್ಮಿ ಬರ್ತದೆ, ಅದು ತಪ್ಪಲ್ಲ. ಫ್ರೀಕ್ವೆನ್ಸಿ ಏರಿದ ಹಾಗೆ ನಾವು ಸೂರ್ಯನ ಹೊರಗಿನ ಬಿಸಿ ಪದರ ಬಿಟ್ಟು ಒಳಗಿನ ತಂಪು ಪದರ ನೋಡ್ತೇವೆ, 150 ಮೆಗಾಹರ್ಟ್ಸಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ಕೆಲ್ವಿನ್ ಕಾಣೋ ಸೂರ್ಯ 12 ಗಿಗಾಹರ್ಟ್ಸಿಗೆ ಬರೋವಾಗ ಹತ್ತು ಹನ್ನೆರಡು ಸಾವಿರಕ್ಕೆ ಇಳಿದಿರ್ತಾನೆ. ಇನ್ನು ಸೂರ್ಯನ ಕಲೆಗಳು ಜಾಸ್ತಿ ಇರೋ ವರ್ಷ 4 ಗಿಗಾಹರ್ಟ್ಸ್ ಕಡೆಯ ಹೊಳಪು ಎದ್ದು ಆಲ್ಫಾ ಇನ್ನೂ ತಗ್ಗುತ್ತೆ. ಹಾಗಾಗಿ ಸೂರ್ಯನನ್ನ ಎರಡು ಬ್ಯಾಂಡಲ್ಲಿ ಬೇರೆ ಬೇರೆ ವಾರ ಅಳೆದು ಹೋಲಿಸಬೇಡಿ, ಒಂದೇ ದಿನ ಮಾಡಿ. ಸರಿ ಬಂತಾ ನೋಡ್ಲಿಕ್ಕೆ ಕೆನಡಾದ ಪೆಂಟಿಕ್ಟನ್‌ನಿಂದ ದಿನಾ ಪ್ರಕಟ ಆಗೋ 10.7 ಸೆಂ.ಮೀ. ಸಂಖ್ಯೆ ಇದೆ, 2.8 ಗಿಗಾಹರ್ಟ್ಸಿಂದು, 1947ರಿಂದ ಅಳೀತಿದ್ದಾರೆ. ಶಾಂತ ಸೂರ್ಯನಿಗೆ 70ರ ಆಸುಪಾಸು, ಗದ್ದಲದ ವರ್ಷ 200 ದಾಟ್ತದೆ. ಅದರ ಒಂದು ಅಂಕ ಅಂದ್ರೆ ಹತ್ತು ಸಾವಿರ ಜಾನ್ಸ್ಕಿ.

ಹಂತ 7: ಡಿಶ್ಶಿಗೆ ಎಟಕದ ಮೂಲಗಳು

ಚಂದ್ರ ಆದ ಮೇಲೆ ಮುಂದೇನು ಅಂತ ಕೇಳಿದ್ರೆ, ಈ ಡಿಶ್ಶಲ್ಲಿ ಮುಂದೆ ಏನೂ ಇಲ್ಲ. ಮೃಗಶಿರದ ಹತ್ತಿರದ ಓರಿಯನ್ ನೆಬ್ಯುಲಾ, ಕ್ರ್ಯಾಬ್ ನೆಬ್ಯುಲಾ, ಇವೆಲ್ಲಾ ಈ ಫ್ರೀಕ್ವೆನ್ಸಿಯಲ್ಲಿ ನೂರಾರು ಜಾನ್ಸ್ಕಿ ಮಾತ್ರ, 60 ಸೆಂ.ಮೀ. ಡಿಶ್ಶಿಗೆ 0.03 ಕೆಲ್ವಿನ್. ಬಿಡಿ. ನಮ್ಮ ಗೌರಿಬಿದನೂರಿನ ರೇಡಿಯೋ ದೂರದರ್ಶಕ, ಪುಣೆ ಹತ್ತಿರ ಖೋಡದ್‌ನ 30 ಡಿಶ್ಶಿನ ಜಿಎಂಆರ್‌ಟಿ, ಊಟಿಯದ್ದು, ಎಲ್ಲಾ ಕೆಳಗಿನ ಫ್ರೀಕ್ವೆನ್ಸಿಯವು. ಆದ್ರೆ ಏರೋ ಮೂಲ ಹುಡುಕೋರಿಗೆ ಅದೇ ಚಿನ್ನ, ಮೇಲೆ ಜೋರಾಗಿ ಹೊಳೆಯೋದು ಕೆಳಗೆ ಮಂಕಾಗಿದೆ ಅಂತ ತೋರಿಸ್ಲಿಕ್ಕೆ ಕೆಳಗಿನ ಅಳತೆಯೇ ಬೇಕಲ್ಲ.

ದೊಡ್ಡ ದೂರದರ್ಶಕಗಳು ಮಾಡಿದ ಆಕಾಶ ಸಮೀಕ್ಷೆಗಳ ಮಾಹಿತಿ ಎಲ್ಲಾ ಪುಕ್ಕಟೆ ಸಿಗ್ತದೆ, ಅಲಾಡಿನ್ ಮತ್ತೆ ವಿಜಿಯರ್ ಅನ್ನೋ ತಾಣಗಳಲ್ಲಿ. 150 ಮೆಗಾಹರ್ಟ್ಸಿಗೆ ಜಿಎಂಆರ್‌ಟಿಯ ಟಿಜಿಎಸ್‌ಎಸ್, 1.4 ಗಿಗಾಹರ್ಟ್ಸಿಗೆ ಅಮೆರಿಕದ ಎನ್‌ವಿಎಸ್‌ಎಸ್, 3ಕ್ಕೆ ವಿಎಲ್‌ಎಎಸ್‌ಎಸ್, ದಕ್ಷಿಣ ಆಕಾಶಕ್ಕೆ 20 ಗಿಗಾಹರ್ಟ್ಸಿಂದು ಎಟಿ20ಜಿ. ಮೊದಲಿಗೆ ಎನ್‌ಜಿಸಿ 7027 ತಗೊಳ್ಳಿ, ರಾಜಹಂಸ ನಕ್ಷತ್ರಪುಂಜದಲ್ಲಿ ಸಾಯ್ತಾ ಇರೋ ನಕ್ಷತ್ರ ಉಗುಳಿದ ದಟ್ಟ ಅನಿಲದ ಚಿಪ್ಪು. 1.4ರಲ್ಲಿ ಒಂದೂವರೆ ಜಾನ್ಸ್ಕಿ ಆಸುಪಾಸು, 5ರಲ್ಲಿ ಐದೂವರೆ ಆಸುಪಾಸು. ಹಂತ 6ರ ಲೆಕ್ಕ ಹಾಕಿ, ಆಲ್ಫಾ ಒಂದರ ಹತ್ತಿರ ಬರ್ತದೆ, ಅಂದ್ರೆ ಮೋಡ ದಟ್ಟದಿಂದ ಪಾರದರ್ಶಕಕ್ಕೆ ತಿರುಗೋ ನಡುದಾರಿಯಲ್ಲಿದೆ. 150ರ ಚಿತ್ರದಲ್ಲಿ ಏನೂ ಕಾಣದಿದ್ರೆ ಸೊನ್ನೆ ಅಂತ ಬರೀಬೇಡಿ, ಆ ಚಿತ್ರದ ಗಲಾಟೆಯ ಐದು ಪಟ್ಟಿಗಿಂತ ಕಮ್ಮಿ ಅಂತ ಬರೀರಿ.

ಇಲ್ಲಿನ ಗುಂಡಿಗಳು ಬೇರೆ. ಎನ್‌ವಿಎಸ್‌ಎಸ್ ಕಣ್ಣು 45 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಮಂದ, ವಿಎಲ್‌ಎಎಸ್‌ಎಸ್ ಕಣ್ಣು 2.5 ಚುರುಕು. ಹರಡಿಕೊಂಡ ಮೂಲ ಚುರುಕು ಕಣ್ಣಿಗೆ ಚೂರಾಗಿ ಹೊಳಪು ಕಳ್ಕೊಳ್ತದೆ, ಅದಕ್ಕೇ ಮೊದಲು ಒಂದೇ ಚುಕ್ಕಿಯಾಗಿ ಕಾಣೋ ಮೂಲಗಳನ್ನೇ ಆರಿಸಿ. ಎನ್‌ವಿಎಸ್‌ಎಸ್ ಮಾಡಿದ್ದು 1993ರಿಂದ 96ರಲ್ಲಿ, ವಿಎಲ್‌ಎಎಸ್‌ಎಸ್ ಶುರುವಾದದ್ದು 2017ರಲ್ಲಿ. ಬ್ಲೇಜಾರ್ ಅನ್ನೋ ಜಾತಿಯ ಗೆಲಾಕ್ಸಿಗಳು ಇಪ್ಪತ್ತು ವರ್ಷದಲ್ಲಿ ಎರಡು ಪಟ್ಟು ಏರಿಳಿದ್ರೂ ಆಶ್ಚರ್ಯ ಇಲ್ಲ, ಎರಡು ಕಾಲದ ಸಂಖ್ಯೆ ಜೋಡಿಸಿ "ಏರೋ ಮೂಲ ಸಿಕ್ಕಿತು" ಅನ್ನೋದು ಹಂತ 6ರಲ್ಲಿ ಎರಡು ಡಿಶ್ಶಿನ ಕೆಲ್ವಿನ್ ನೇರ ಹೋಲಿಸಿದ್ದಕ್ಕೆ ಸಮ. ಇನ್ನೊಂದು, ಕೆಲವು ಲೇಖಕರು ಆಲ್ಫಾದ ಚಿಹ್ನೆ ಉಲ್ಟಾ ಬರೀತಾರೆ, ಅವರ +0.7 ಅಂದ್ರೆ ನಮ್ಮ −0.7. ಪಟ್ಟಿ ಇಳಿಸ್ಕೊಳ್ಳೋ ಮೊದ್ಲು ನಿಮಗೆ ಗೊತ್ತಿರೋ ಒಂದು ಮೂಲ ಹುಡುಕಿ ಚಿಹ್ನೆ ನೋಡ್ಕೊಳ್ಳಿ.

ಹಂತ 8: ಮಳೆಗಾಲದ ಮುಂಚೆ

ಮೇ ಕೊನೆ ವಾರದೊಳಗೆ ಅಳತೆ ಮುಗಿಸಿ. ಮಳೆ ಹನಿ ಕೆಯು ಬ್ಯಾಂಡನ್ನ ನುಂಗ್ತದೆ, ತಾನೂ ಬಿಸಿಯಾಗಿ ಹೊಳೀತದೆ, ಒದ್ದೆ ಡಿಶ್ಶಲ್ಲಿ ಬಂದ ಸಂಖ್ಯೆ ಯಾವುದಕ್ಕೂ ಬಾರದು. ಎಲ್‌ಎನ್‌ಬಿ ಬಿಚ್ಚಿ ಮೂತಿಯೊಳಗೆ ಕುಂಬಾರ ಹುಳ ಮಣ್ಣು ಮೆತ್ತಿದೆಯಾ ನೋಡಿ, ನಮ್ಮ ಕಡೆ ಸಿಗ್ನಲ್ ತನ್ನಷ್ಟಕ್ಕೆ ಬಿದ್ದು ಹೋಗೋದಕ್ಕೆ ಅದೂ ಒಂದು ಕಾರಣ. ಕನೆಕ್ಟರು ಒರೆಸಿ, ಡಬ್ಬಿಯಲ್ಲಿ ಹಾಕಿ, ಒಲೆ ಇರೋ ಕೋಣೆಯ ಅಟ್ಟದ ಮೇಲಿಡಿ, ಅಲ್ಲಿ ಹಸಿ ಹಿಡಿಯೂದಿಲ್ಲ. ಕೇಬಲ್ಲಿನ ಹೊರಗಿನ ತುದಿಯನ್ನ ಡಿಶ್ಶಿಂದ ಬಿಡಿಸಿ ಮನೆಯಿಂದ ದೂರ ಇಡಿ, ಮೊದಲ ಸಿಡಿಲು ಜೂನಿಗೆ ಕಾಯೂದಿಲ್ಲ.